ಬಾವಿಯಲ್ಲಿ ಸಿಕ್ಕ ಡ್ರಮ್ಮರ್

ಸ್ವಲ್ಪ ಹತ್ತಿರ ಸರಿದು ಕೂತುಕೊಳ್ಳಿ. ಇದನ್ನು ಜೋರು ದನಿಯಲ್ಲಿ ಹೇಳಲು ನನಗೆ ಆಗುವುದಿಲ್ಲ.

ನನ್ನ ತಮ್ಮನ ಮಗ ಗೌರೀಶ ಆ ರಾತ್ರಿ ಸಂಶಿಯಿಂದ ಯಾರದೋ ಟೆಂಪೋದಲ್ಲಿ ಬಂದು ಕುಬಿಹಾಳದ ಕ್ರಾಸಿನಲ್ಲಿ ಇಳಿದ. ಅಲ್ಲಿಂದ ಊರಿಗೆ ನಡೆಯಬೇಕು. ಎರಡೂ ಬದಿಗೆ ಹತ್ತಿಯ ಹೊಲ. ನಡುವೆ ಒಂದು ಹಳೆಯ ಮೆಟ್ಟಿಲ ಬಾವಿ. ಹೆಗಲ ಮೇಲೆ ಬೇಸ್ ಗಿಟಾರಿನ ಚೀಲ, ಹೊಟ್ಟೆಯಲ್ಲಿ ಕಿಚ್ಚು... ಹೌದು, ಹೊಟ್ಟೆಕಿಚ್ಚೇ. ನಾನು ಸೂರತ್ತಿನಿಂದ ಊರಿಗೆ ಹೋದಾಗ ಅವನೇ ಒಪ್ಪಿಕೊಂಡ.

ಗೌರೀಶ ಮತ್ತು ಅವನ ಗೆಳೆಯ, ಮಶಾಕಸಾಬನ ಮಗ ಶಕೀಲ್, ಇಬ್ಬರೂ ಸಂಶಿಯ ಒಂದು ಆರ್ಕೆಸ್ಟ್ರಾದಲ್ಲಿದ್ದರು. ಇವನದು ಬೇಸ್, ಅವನದು ಡ್ರಮ್ಮು. ಮದುವೆಗೆ ಬಂದ ಜನ ಹಾಡುವವರನ್ನು ನೋಡುತ್ತಾರೆ, ಹಿಂದೆ ಇದ್ದವರನ್ನು ಯಾರು ಕೇಳುತ್ತಾರೆ? ಇವರಿಗೆ ಅದರ ಚಿಂತೆ ಇರಲಿಲ್ಲ. ಇವರ ಹುಚ್ಚು ಬೇರೆ. ಐವತ್ತು ವರ್ಷದ ಹಿಂದಿನ ಅಮೆರಿಕದ ಕರಿಯರ ಬ್ಯಾಂಡುಗಳು... ಫಂಕ್ ಎನ್ನುತ್ತಾರಂತೆ. ಗೌರೀಶ ನನಗೂ ಮೊಬೈಲಿನಲ್ಲಿ ತೋರಿಸಿದ್ದ. ಗುಂಡನೆಯ ದೊಡ್ಡ ಕೂದಲು, ಮಿಂಚುವ ಅಂಗಿ.

"ಹಾಡಾಂವನ್ನ ನೋಡಬ್ಯಾಡ್ರಿ ಅತ್ತಿ. ಹಿಂದ ನೋಡ್ರಿ, ಹಿಂದ."

ಹಿಂದೆ ಒಬ್ಬ ಹೆಬ್ಬೆರಳಿನಿಂದ ದಪ್ಪ ತಂತಿಗೆ ಹೊಡೆಯುತ್ತಿದ್ದ. ಅವನ ಕಣ್ಣೆಲ್ಲ ಬಾಜೂ ಕೂತ ಡ್ರಮ್ಮರನ ಬಲಗಾಲಿನ ಮೇಲೆ. ಆ ಕಾಲು ಪೆಡಲ್ ಒತ್ತಿದ ಗಳಿಗೆಗೇ ಇವನ ಹೆಬ್ಬೆರಳು ಬೀಳುತ್ತಿತ್ತು.

"ಇಬ್ಬರದೂ ಒಂದ ಉಸರು ಅತ್ತಿ. ನೋಡಿದ್ರ ಹೊಟ್ಟಿ ಉರೀತೈತಿ."

"ಅವನ ಬೆರಳಿನ ಚಳಕ ನೋಡಿ ಉರಿಯುತ್ತದೇನೋ?" ಎಂದೆ.

"ಅಲ್ರಿ. ಅಂವಗ ಅಂಥಾ ಡ್ರಮ್ಮರ್ ಸಿಕ್ಕಾನಲ್ಲ, ಅದಕ್ಕ."

ಇವನಿಗೆ ಶಕೀಲ್ ಸಿಕ್ಕಿದ್ದ. ಆದರೆ ಶಕೀಲ್ ಬೇರೆ ಬ್ಯಾಂಡಿಗೆ ಹೋದ. ಅಲ್ಲಿ ಬೇಸ್ ಬಾರಿಸುವವನು ಫಯಾಜ್.

ಆ ರಾತ್ರಿ ಸಂಶಿಯ ಮದುವೆಯೊಂದರಲ್ಲಿ ಆ ಹೊಸ ಬ್ಯಾಂಡು. ಗೌರೀಶ ಕರೆಯದೇ ಹೋದ. ಶಕೀಲನನ್ನು ತಿರುಗಿ ತನ್ನ ಕಡೆ ಎಳೆದುಕೊಳ್ಳಬೇಕು, ಅದೊಂದೇ ಅವನ ತಲೆಯಲ್ಲಿ.

"ಒಂದ ಹಾಡಿಗೆ ನಾ ಬಾರಸ್ತೀನಲೇ."

"ಬ್ಯಾಡೋ ಮಾರಾಯಾ. ಫಯಾಜ್ ಭಾಯಿ ಏನಂದಾರು?"

"ಓಹೋ... ಭಾಯಿ ಆದನೇನು?"

ಶಕೀಲ್ ನಕ್ಕ. "ಗಂಡನ ಎರಡನೇ ಮದುವಿಗೆ ಮೊದಲನೇಕಿ ಬಂದು ನಿಂತಂಗ ನಿಂತೀಯಲ್ಲೋ. ಉಂಡು ಹೋಗು."

ಇವನು ಉಣ್ಣಲಿಲ್ಲ. ಪೆಂಡಾಲಿನ ಹಿಂದೆ ನಿಂತು ಕೇಳಿದ. ಹಾಡಿನ ನಡುವೆ ಶಕೀಲ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕೈ ತಡೆದು, ಆಮೇಲೆ ಧಪ್ ಎಂದು ಏಟು ಹಾಕಿದ. ಅದು ಇವರಿಬ್ಬರೇ ಕೂಡಿ ಕಟ್ಟಿದ ಚೇಷ್ಟೆ. ಫಯಾಜ್ ತಪ್ಪಲಿಲ್ಲ, ಸರಿಯಾಗಿ ಜೊತೆಗೇ ತಂತಿ ಹೊಡೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. "ಆ ನಗು ನಂದಿತ್ತು ಅತ್ತಿ" ಎಂದ ನನ್ನ ಮುಂದೆ.

ಬಾವಿಯ ಹತ್ತಿರ ಬಂದಾಗ ಬಾಯಿಂದ ಮಾತು ಹೊರಗೇ ಬಿತ್ತು. "ನನ್ನ ಬಿಟ್ಟು ಹೋಗದಾಂವ ಒಬ್ಬಾಂವ ಸಿಗಬಾರದೇನು..."

ಗಾಳಿ ಇರಲಿಲ್ಲ. ಜೀರುಂಡೆ ಸುಮ್ಮನಾದವು.

ಧಪ್... ಚಿಕ್ ಚಿಕ್... ಟಕ್.

ಬಾವಿಯ ಒಳಗಿಂದ. ಮತ್ತೆ... ಧಪ್... ಚಿಕ್ ಚಿಕ್... ಟಕ್. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಇಣುಕಿದ. ಕೆಳಗಿನ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು. ಬೆಳದಿಂಗಳು ಮೊಣಕಾಲಿನಿಂದ ಕೆಳಗೆ ಮಾತ್ರ ಬಿದ್ದಿತ್ತು. ಮೇಲೆಲ್ಲ ಕತ್ತಲು.

"ಯಾರದು?"

"ಬಾರಸು." ಪಿಸುದನಿ.

"ಯಾರ್ರಿ ನೀವು?"

"ಬಾರಸು. ನಾ ಎಲ್ಲೂ ಹೋಗೂದಿಲ್ಲ."

ನೀವಾಗಿದ್ದರೆ ಓಡುತ್ತಿದ್ದಿರಿ. ಇವನು ಚೀಲದ ಜಿಪ್ ಎಳೆದು ಬೇಸ್ ಹೊರಗೆ ತೆಗೆದ. ಕರೆಂಟಿಲ್ಲದ ಬೇಸು ಎಷ್ಟು ಸಪ್ಪಳ ಮಾಡೀತು? ತಂತಿಯ ಮೇಲೆ ಒಣ ಟಪ್ ಟಪ್, ಅಷ್ಟೇ. ಆದರೆ ಬಾವಿಯ ತಳದಿಂದ ಅದು ಡುಮ್ಮ್... ಡುಮ್ಮ್... ಎಂದು ತಿರುಗಿ ಬರುತ್ತಿತ್ತು.

"ಸನೇಕ ಬಾ. ಕೇಳವಲ್ದು."

ಒಂದು ಮೆಟ್ಟಿಲು ಇಳಿದ.

"ಇನ್ನೂ ಸನೇಕ."

ಇಳಿದ. ಅಷ್ಟು ಚೆಂದ ಅವನು ಜನ್ಮದಲ್ಲಿ ಬಾರಿಸಿರಲಿಲ್ಲವಂತೆ. ಫಯಾಜನ ನೆನಪೇ ಹಾರಿಹೋಗಿತ್ತು. ಅಷ್ಟರಲ್ಲಿ ಡ್ರಮ್ಮಿನ ಚಾಲು, ಅಂದರೆ ಬಡಿತದ ನಡೆ, ಬದಲಾಯಿತು. ಚಾಲು ಬದಲಾದರೆ ಬೇಸಿನವರು ಮುಖ ನೋಡುವುದಿಲ್ಲ. ರೂಢಿಯಂತೆ ಇವನು ಬಲಗಾಲು ನೋಡಿದ.

ಮೊಣಕಾಲು ಇವನ ಕಡೆಗೇ ಇತ್ತು. ಹಿಮ್ಮಡವೂ ಇವನ ಕಡೆಗೇ. ಬೆರಳುಗಳು ಹಿಂದೆ, ಗೋಡೆಯ ಕಡೆ.

ಆಗಲಾದರೂ ಓಡಬೇಕೋ ಬೇಡವೋ? ಓಡಲಿಲ್ಲ. ಬದಲಿಗೆ ಫೋನ್ ತೆಗೆದು ಶಕೀಲನಿಗೆ ಹಚ್ಚಿ, ಸ್ಪೀಕರ್ ಒತ್ತಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಅವನೂ ಕೇಳಲಿ, ಅವನೂ ಉರಿಯಲಿ, ಅಂತ.

"ಕೇಳಲೇ ಶಕೀಲ್! ನನಗೂ ಒಬ್ಬಾಂವ ಸಿಕ್ಕಾನ."

ಆ ಕಡೆಯಿಂದ ಶಕೀಲ್ ಕೇಳಿದ.

"ಯಾರಲೇ? ನೀ ಒಬ್ಬನ ಬಾರಸಾಕತ್ತಿ... ನೀರು ಬಡದಂಗ ಸಪ್ಪಳ ಬರ್ತೈತಿ. ಗೌರ್ಯಾ... ಎಲ್ಲಿ ಅದೀ?"

ಕೆಳಗೆ ನೋಡಿದ. ನೀರು ಸೊಂಟದ ತನಕ ಬಂದಿತ್ತು.

ಮೇಲೆ ಹತ್ತಲು ಹೋದ. ಧಪ್ ಎಂದ ಕೂಡಲೇ ಕಾಲು ತಾನೇ ಒಂದು ಮೆಟ್ಟಿಲು ಕೆಳಗೆ ಹೋಗುತ್ತಿತ್ತು. "ಮೆಟ್ಟಿಲ ಬಾವ್ಯಾಗ ಅದೀನಲೇ, ಡ್ರಮ್ಮು ಬಡದಂಗ ಕಾಲು ಕೆಳಗ ಹೊಂಟಾವ!" ಎಂದು ಕೂಗಿದ. ಧಪ್... ನೀರು ಕಿಸೆಯ ಕೆಳ ಅಂಚಿಗೆ ಹತ್ತಿತು. ಫೋನಿನಲ್ಲಿ ಶಕೀಲ್ ಚೀರುತ್ತಿದ್ದ, "ಅದನ್ನ ಕೇಳಬ್ಯಾಡ! ನನ್ನ ಕಡೆ ಕೇಳು!" ಆಮೇಲೆ ತನ್ನ ಬೈಕಿನ ಪೆಟ್ರೋಲ್ ಟಾಕಿಯ ಮೇಲೆ ಅಂಗೈಯಿಂದ ಬಡಿಯತೊಡಗಿದ. ಡಣ್... ಡಣ್... "ಏಟು ಬಿದ್ದಾಗ ಕಾಲು ಎತ್ತು. ಎತ್ತಲೇ!"

ಡಣ್... ಒಂದು ಮೆಟ್ಟಿಲು. ಡಣ್... ಇನ್ನೊಂದು.

ಬೆನ್ನ ಹಿಂದೆ ಡ್ರಮ್ಮು ತಾಳ ತಪ್ಪಿ ದಡದಡ ಬಡಿಯತೊಡಗಿತು. ಕಿವಿಯ ಹತ್ತಿರವೇ ಪಿಸುದನಿ...

"ಮತ್ತ ಅವನ ಕಡೆ ಹೊಂಟಿ?"

ಗೌರೀಶ ತಿರುಗಿ ನೋಡಲಿಲ್ಲ. ಬೇಸನ್ನು ಅಲ್ಲೇ ಬಿಟ್ಟು ಮೇಲೆ ಬಂದು ಬಿದ್ದ. ಶಕೀಲ್ ಗಾಡಿ ಹೊಡೆದುಕೊಂಡು ಬಂದು ಅವನನ್ನು ಮನೆಗೆ ಮುಟ್ಟಿಸಿದ. "ಇನ್ನ ನಿನ್ನ ಕೂಡನ ಬಾರಸ್ತೀನಪಾ, ಸಾಕು ಮಾಡು" ಎಂದ. ಹಾಗೇ ನಡೆದುಕೊಂಡಿದ್ದಾನೆ. ಈಗಲೂ ಇವನ ಜೊತೆಗೇ ಬಾರಿಸುತ್ತಾನೆ.

ಗೌರೀಶನ ತಾಯಿ ಶಾರದವ್ವ ಆ ರಾತ್ರಿ ಇಬ್ಬರ ಕಾಲೂ ತೊಳೆಸಿ, ನೆಲ ಒರೆಸಿ, ಕದಕ್ಕೆ ಅಗಳಿ ಹಾಕಿ ಮಲಗಿದಳು. ಮುಂಜಾನೆ ಎದ್ದು ನೋಡಿದರೆ ಗೌರೀಶ ಮಲಗಿದ್ದ ಹೊರಸಿನಿಂದ ಬಾಗಿಲ ತನಕ ಹಸಿ ಹೆಜ್ಜೆಗಳು. ಬೆರಳೆಲ್ಲ ಬೀದಿಯ ಕಡೆ. ಹೊರಗಿನಿಂದ ಒಳಗೆ ಬಂದ ಹೆಜ್ಜೆ ಒಂದೂ ಇಲ್ಲ. ಅಗಳಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ? ನಡೆದದ್ದು. ಶಾರದವ್ವ ಇದ್ದಾಳೆ, ಶಕೀಲ್ ಇದ್ದಾನೆ, ಬೇಕಾದರೆ ಹೋಗಿ ಕೇಳಿ.

"ಹೊರಗ ಹೋತು ಬಿಡ್ರಿ ಅಕ್ಕಾರ, ಪೀಡಾ ಹೋತು" ಎನ್ನುತ್ತಾಳೆ ಶಾರದವ್ವ. ನಾನೂ ಹೂಂ ಅಂದೆ. ಬಾವಿಯಲ್ಲಿ ಕಂಡ ಆ ಕಾಲಿನ ಬೆರಳು ಯಾವ ಕಡೆ ತಿರುಗಿದ್ದವು ಎಂಬುದನ್ನು ಗೌರೀಶ ಅವಳಿಗೆ ಇನ್ನೂ ಹೇಳಿಲ್ಲ.