ಯಂತ್ರಗಳಿಗೆ ನಮ್ಮ ಮಾತಿನ ಹೆಸರಿಟ್ಟ ಅಕ್ಕ

ಆಸ್ಪತ್ರೆಯ ಹಿರಿಯರೇ, ಕೆಲಸದ ನಡುವೆ ಓಡಿಬಂದ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಪತಿಯವರೇ, ಮಗಳೇ — ನಮಸ್ಕಾರ.

ನಾನು ರೆಕಾರ್ಡ್ ರೂಮಿನವನು. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಶೀ ವಾಸ್ ವೆರಿ — ಪರ್ಟಿಕ್ಯುಲರ್ ಅನ್ನಬೇಕೋ, ಪಿಕ್ಯೂಲಿಯರೋ? ಕಾಲೇಜಿನಲ್ಲಿ ಓದಿದ ಇಂಗ್ಲಿಷು, ಅರ್ಧ ಮರೆತಿದೆ. ಎರಡೂ ಸೇರಿಸಿಕೊಳ್ಳಿ.

ಮೊದಲು ಇಲ್ಲಿ ಪ್ರತಿ ಯಂತ್ರಕ್ಕೂ ಒಂದು ಉದ್ದನೆಯ ನಂಬರು — ನೆನಪಿದೆಯಲ್ಲ? ಒಂದು ಅಂಕಿ ತಪ್ಪಿ, ರಕ್ತದ ರಿಪೋರ್ಟು ವಾರ್ಡಿನ ಬದಲು ಬಟ್ಟೆ ಒಗೆಯುವ ಕೋಣೆಯಲ್ಲಿ ಪ್ರಿಂಟಾಯಿತು. ಆವತ್ತೇ ಅಕ್ಕ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ಸುತ್ತಿದರು. "ಇದನ್ನ ನೀವು ಏನಂತ ಕರೀತೀರಿ?"

ಒಗೆಯುವವರು, "ಈ ಪ್ರಿಂಟರಾ? ಗೊಣಗಪ್ಪ! ಒಂದು ಹಾಳೆಗೆ ಹತ್ತು ಸಲ ಗೊಣಗ್ತಾನೆ" ಎಂದರು.

ಅಕ್ಕ ಹಾಗೇ ಬರೆದುಕೊಂಡರು. ಯಾವ ಹೆಸರಿಗೆ ಯಾವ ನಂಬರು ಎಂದು ಹೇಳುವ ಒಂದು ಕಂಪ್ಯೂಟರ್ ಪೆಟ್ಟಿಗೆ ಕೂರಿಸಿದರು. ನಾವು ಹೆಸರು ಹೊಡೆದರೆ ಸಾಕು, ನಂಬರನ್ನು ಅದೇ ಹುಡುಕಿ ಕೊಡುತ್ತದೆ. ಹೊರಗಿನ ಲೋಕಕ್ಕೆ ಗೊಣಗಪ್ಪ ಯಾರೆಂದೇ ಗೊತ್ತಿಲ್ಲ. ನಮ್ಮ ಕಾಂಪೌಂಡಿನೊಳಗೆ ಮಾತ್ರ ಅವನ ದರ್ಬಾರು.

ತಮ್ಮ ಕಾಯಿಲೆ ಗೊತ್ತಾದ ವಾರ ಅಕ್ಕ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದರು — "ನಾನಿಲ್ದಾಗ ಪೆಟ್ಟಿಗೆ ಕೆಟ್ರೆ?"

ನಾನು ಸುಮ್ಮನಿರಲಾರದೆ ಅಂದೆ, "ನಮ್ಮನೆಯವಳು ಹೋದ್ಮೇಲೆ ಸಕ್ಕರೆ ಡಬ್ಬಿ ಹುಡುಕೋಕೆ ನಂಗೆ ಮೂರು ದಿನ ಬೇಕಾಯ್ತು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಹಾಗಾದ್ರೆ ನಾಳೆಯಿಂದ ನೀವೇ ಕಲೀರಿ, ಯಜಮಾನ್ರೇ."

ಕಲಿತೆ. ಈ ಬೆರಳುಗಳಿಂದ — ನೋಡಿ — ಮೊದಲನೆಯದು ಕೆಟ್ಟರೆ ಇರಲಿ ಎಂದು ಅದೇ ಹೆಸರುಗಳಿರುವ ಎರಡನೆಯ ಪೆಟ್ಟಿಗೆ ಕೂರಿಸಿದೆ. ಇಲ್ಲೇ ಮೂರನೆಯ ಮಹಡಿಯ ವಾರ್ಡಿನ ಹಾಸಿಗೆಯಿಂದ ಅಕ್ಕನ ಫೋನು: "ಈಗ ಮೊದಲನೇದನ್ನ ಆಫ್ ಮಾಡಿ."

"ಬೇಡಕ್ಕ, ಎಲ್ಲಾ ನಿಂತುಹೋದ್ರೆ?"

"ನಾನು ಇರೋವಾಗ್ಲೇ ನಿಲ್ಲಲಿ ಬಿಡಿ."

ಆಫ್ ಮಾಡಿದೆ. ಲ್ಯಾಬಿನವರು ಆಗ ಕಳಿಸಿದ್ದು ಅಕ್ಕನದೇ ರಕ್ತದ ರಿಪೋರ್ಟು. ಫೋನು ಕಿವಿಗೆ ಹಿಡಿದೇ ಕಾದೆ. ವಾರ್ಡಿನ ಪ್ರಿಂಟರಿನಿಂದ ಬಂದ ಹಾಳೆ ಹಿಡಿದು ನರ್ಸಮ್ಮ ಅಕ್ಕನ ಹತ್ತಿರ ಹೋದರಂತೆ. ಅದರಲ್ಲಿ ಏನಿದೆ ಎಂದು ಅಕ್ಕ ನೋಡಲೇ ಇಲ್ಲ. "ಬಂತು, ಯಜಮಾನ್ರೇ, ಬಂತು!" — ಫೋನಿನಲ್ಲಿ ಕೂಗಿದರು.

ಅಕ್ಕ ಹೋಗಿ ಇವತ್ತಿಗೆ ಹನ್ನೊಂದು ದಿನ. ಒಂದು ರಿಪೋರ್ಟೂ ದಾರಿ ತಪ್ಪಿಲ್ಲ. ಸೋಮವಾರದಿಂದ ಲ್ಯಾಬಿನ ಇಬ್ಬರು ನನ್ನ ಹತ್ತಿರ ಕಲಿಯಲು ಬರುತ್ತಾರೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ. ಫೋನು ಮಾತ್ರ ಆಫ್ ಮಾಡಬೇಡಿ — ವಾರ್ಡಿನಿಂದ ಕರೆ ಬಂದವರು ಹೊರಟುಬಿಡಿ. ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ.