ಎಡಗಡೆಯ ನೆಗ್ಗು

ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಪಕ್ಕದಲ್ಲಿರುವ ದೊಡ್ಡಕ್ಕನಿಗೆ, ನಮ್ಮ ಯಜಮಾನರಿಗೆ, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಿರುವ ವರ್ಕ್‌ಶಾಪಿನ ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ. ಈ ಕಡೆ ಬೆಂಚು ಖಾಲಿ ಇದೆ. ಇವತ್ತು ಯಾರೂ ಹಿಂದೆ ನಿಲ್ಲುವುದು ಬೇಡ.

ನನಗೆ ಭಾಷಣ ಬರುವುದಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು ನಾನು. ಆಮೇಲೆ ಗ್ಯಾರೇಜನ್ನೂ ಅರ್ಧಕ್ಕೆ ಬಿಟ್ಟೆ, ಪ್ರಿಂಟಿಂಗ್ ಪ್ರೆಸ್ಸನ್ನೂ ಅರ್ಧಕ್ಕೆ ಬಿಟ್ಟೆ. ನಮ್ಮ ಭೂತಗನ್ನಡಿ ಅಣ್ಣ ನನಗೆ ಇಟ್ಟ ಹೆಸರು ನಿಮಗೆಲ್ಲ ಗೊತ್ತೇ ಇದೆ — ಅರ್ಧಂಬರ್ಧ. "ಲೋ ಅರ್ಧಂಬರ್ಧ, ಕೂತಲ್ಲಿ ಕೂತ್ಕೊಳೋ, ನೀನು ಓಡಾಡಿದ್ರೆ ನೆಲ ಅಲ್ಲಾಡುತ್ತೆ, ನನ್ನ ಕೈ ತಪ್ಪುತ್ತೆ" ಅನ್ನುತ್ತಿದ್ದರು. ಆ ಭೂತಗನ್ನಡಿ ಅವರ ಹಣೆಯ ಮೇಲೆ ಸದಾ ಇರುತ್ತಿತ್ತು. ಒಂದು ಸಲ ಅದನ್ನು ಹಣೆಯ ಮೇಲಿಟ್ಟುಕೊಂಡೇ ಇಡೀ ವರ್ಕ್‌ಶಾಪು ಹುಡುಕಿಸಿದ್ದರು. ನಾವೂ ಹುಡುಕಿದೆವು. ಯಾರೂ ಹೇಳಲಿಲ್ಲ. ಅಷ್ಟು ಹೊತ್ತು ನಕ್ಕೆವು.

ನನಗಿಂತ ಮುಂಚೆ ಮಾತಾಡಿದವರೆಲ್ಲ ಅವರ ತಾಳ್ಮೆಯ ಬಗ್ಗೆ ಹೇಳಿದರು. ಎಲ್ಲ ನಿಜ. ನಾನು ಅದನ್ನೇ ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಬೇರೆ ಇದೆ. ಹೇಳದೆ ಕೂತರೆ ನನಗೆ ಊಟ ಇಳಿಯುವುದಿಲ್ಲ.

ಈ ಮೇಜಿನ ಮೇಲಿರುವ ಬೈಕನ್ನು ಎಲ್ಲರೂ ನೋಡಿದ್ದೀರಿ. ಹಳೇ ಕಾಲದ ಸೈನ್ಯದ ಬೈಕು. ಅಸಲಿ ಬೈಕಿನ ಎಂಟನೇ ಒಂದು ಪಾಲು. ಅಂಗೈ ಮೇಲೆ ಕೂರುತ್ತೆ ಅಂದುಕೊಂಡರೆ ಕೂರುವುದಿಲ್ಲ, ಎರಡೂ ಕೈ ಬೇಕು. ಚೈನಿನ ಒಂದೊಂದು ಕೊಂಡಿಯೂ ತಿರುಗುತ್ತೆ. ಕಿಕ್ ಒತ್ತಿದರೆ ಒಳಗೆ ಪಿಸ್ಟನ್ ಏಳುತ್ತೆ, ಇಳಿಯುತ್ತೆ. ಶತ್ರು ವಿಮಾನಕ್ಕೆ ಕಾಣಬಾರದೆಂದು ಆಗ ದೀಪಕ್ಕೆ ಮುಸುಕು ಹಾಕಿ ಸಣ್ಣ ಸೀಳು ಬಿಡುತ್ತಿದ್ದರಂತೆ — ಆ ಸೀಳೂ ಇದೆ. ಸೀಟಿನ ಕೆಳಗಿನ ಸ್ಪ್ರಿಂಗು ಎಲ್ಲಿಂದ ಬಂತು ಅಂತ ನಮ್ಮ ಲೆಕ್ಕದವರಿಗೆ ಇವತ್ತು ಹೇಳಿಬಿಡುತ್ತೇನೆ. ಸಾರ್, ನಿಮ್ಮ ಪೆನ್ನುಗಳು ಯಾಕೆ ಒಂದಾದ ಮೇಲೊಂದು ಕೆಡುತ್ತಿದ್ದವು ಅಂತ ಈಗ ಗೊತ್ತಾಯಿತಲ್ಲ.

ಈ ಬೈಕು ಯಾವ ಗಿರಾಕಿಗೂ ಅಲ್ಲ. ಯಜಮಾನರ ಅಪ್ಪಣೆ ಪಡೆದು, ಕಟ್ಟಡಗಳ ಮಾಡೆಲು ಮಾಡಿ ಉಳಿದ ಹೊತ್ತಿನಲ್ಲಿ, ಉಳಿದ ತಗಡಿನಲ್ಲಿ ಅಣ್ಣ ಇದನ್ನು ಕಟ್ಟಿದರು. ಅವರ ಅಪ್ಪ ಸೈನ್ಯದಲ್ಲಿ ಸುದ್ದಿ ಒಯ್ಯುವ ಸವಾರ. ಇಂಥ ಬೈಕಿನಲ್ಲಿ ಹೋದವರು ವಾಪಸ್ ಬರಲಿಲ್ಲ. ಅಣ್ಣ ಆಗ ತಾಯಿಯ ಹೊಟ್ಟೆಯಲ್ಲಿದ್ದರು. ಅಪ್ಪ ಅಂದರೆ ಅವರಿಗೆ ಒಂದು ಫೋಟೋ, ಅಷ್ಟೇ. ಅಪ್ಪನನ್ನು ಕಣ್ಣಾರೆ ಕಂಡದ್ದು ಅವರ ಅಕ್ಕ, ನಮ್ಮ ದೊಡ್ಡಕ್ಕ. ದೊಡ್ಡಕ್ಕನಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. "ಅಕ್ಕನ ಕೈಗೆ ಕಾಣೋ ಹಾಗೆ ಮಾಡ್ತೀನಿ ಕಣೋ. ಅವಳು ಮುಟ್ಟಿ, ಇದು ಅಪ್ಪನ ಗಾಡಿ ಅನ್ಬೇಕು" ಅನ್ನುತ್ತಿದ್ದರು ಅಣ್ಣ.

ಬೈಕಿನ ಅಳತೆಯೆಲ್ಲ ಪುಸ್ತಕದಿಂದ ಬಂತು. ಆದರೆ ಆ ಪುಸ್ತಕದ ಬೈಕು ಯಾರದ್ದಾದರೂ ಆಗಬಹುದು. ಅಪ್ಪನದೇ ಆಗಬೇಕಾದರೆ ಫೋಟೋ ನೋಡಬೇಕು. ಫೋಟೋ ಎದುರಿನಿಂದ ತೆಗೆದದ್ದು. ಅಪ್ಪ ಬೈಕಿನ ಮೇಲೆ ಕೂತಿದ್ದಾರೆ. ಉದ್ದನೆಯ ಕೋಟು ಎಂಜಿನ್ನನ್ನೂ ಕಾಲನ್ನೂ ಮುಚ್ಚಿದೆ. ಕಾಣುವುದು ದೀಪ, ಹ್ಯಾಂಡಲ್ಲು, ಟ್ಯಾಂಕು. ಟ್ಯಾಂಕಿನ ಒಂದು ಮಗ್ಗುಲಲ್ಲಿ ನೆಗ್ಗು — ಹೆಬ್ಬೆರಳು ಒತ್ತಿದ ಹಾಗೆ. "ಯುದ್ಧದಲ್ಲಿ ತಿಂದ ಏಟು" ಅಂತ ಅಣ್ಣ ಎಲ್ಲರಿಗೂ ತೋರಿಸುತ್ತಿದ್ದರು. ಎದೆ ಉಬ್ಬಿಸಿ ತೋರಿಸುತ್ತಿದ್ದರು, ಹೀಗೆ. ಆ ನೆಗ್ಗನ್ನು ಮಾಡೆಲಿಗೂ ಕೊಟ್ಟರು. ಫೋಟೋದಲ್ಲಿ ಇದ್ದ ಕಡೆಗೆ, ಸವಾರನ ಬಲಗಡೆಗೆ.

ಈಗ ನಮ್ಮ ವರ್ಕ್‌ಶಾಪಿನ ಪದ್ಧತಿಯೊಂದನ್ನು ಹೊರಗಿನವರಿಗೆ ಹೇಳಬೇಕು. ಇಲ್ಲಿ ಮಾಡೆಲು ಕಟ್ಟಿದವರು ಕೊನೆಯ ಸ್ಕ್ರೂ ಹಾಕುವುದಿಲ್ಲ. ಅದನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಆ ಇನ್ನೊಬ್ಬರು ನೋಡಿ ಒಂದು ತಪ್ಪು ಹೇಳಲೇಬೇಕು. ಅದು ಸರಿಯಾದ ಮೇಲೆ ಸ್ಕ್ರೂ. ಇದನ್ನು ಶುರು ಮಾಡಿದವರೇ ಅಣ್ಣ. "ಚೆನ್ನಾಗಿದೆ ಅನ್ನೋದು ಗಿರಾಕಿ ಮಾತು. ನಮ್ಮೋರ ಬಾಯಲ್ಲಿ ಅದು ಬರ್ಬಾರ್ದು" ಅನ್ನುತ್ತಿದ್ದರು. ನಾವು ಏನು ಮಾಡುತ್ತೇವೆ ಅಂದರೆ — ನಿಜ ಹೇಳಬೇಕಲ್ಲ — ಒಂದು ಸಣ್ಣ ತಪ್ಪು ಹುಡುಕುತ್ತೇವೆ. ಮರ ಸ್ವಲ್ಪ ವಾಲಿದೆ, ಕಿಟಕಿಗೆ ಅಂಟು ಮೆತ್ತಿದೆ. ಚಹಾ ಕುಡಿಯುವಷ್ಟರಲ್ಲಿ ಸರಿಯಾಗುವಂಥ ತಪ್ಪು.

ಬೈಕು ಮುಗಿದ ದಿನ ಅಣ್ಣ ಆ ಸ್ಕ್ರೂ ನನಗೆ ಕೊಟ್ಟರು.

ನೀವೆಲ್ಲ ಇದ್ದಿರಿ. ಬಣ್ಣದಕ್ಕ ಹೇಳಿದರು, "ಅಣ್ಣಾ, ಅವನ ಕೈಗಾ? ಅವನು ಅರ್ಧಕ್ಕೆ ಬಿಟ್ಟು ಹೋಗ್ತಾನೆ ನೋಡಿ." ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಬೈಕಿನ ಸುತ್ತ ಓಡಾಡಿ ನೋಡಿದೆ. ಫೋಟೋ ನೋಡಿದೆ. ಮತ್ತೆ ಬೈಕು ನೋಡಿದೆ.

ನಮ್ಮಮ್ಮ ಟೈಲರು. ಶಾಲೆ ಬಿಟ್ಟವನನ್ನು ಮನೆಯಲ್ಲಿ ಸುಮ್ಮನೆ ಕೂರಿಸುತ್ತಾರಾ? ಅಂಗಿಗೆ ಗುಂಡಿ ಹೊಲಿಯಲು ಕೂರಿಸಿದರು. ಗಂಡಸರ ಅಂಗಿಗೆ, ಕೋಟಿಗೆ ಗುಂಡಿ ತೊಟ್ಟವರ ಬಲಗಡೆ. ಹೆಂಗಸರದ್ದಕ್ಕೆ ಎಡಗಡೆ. ತಪ್ಪಿದರೆ ತಲೆಗೆ ಒಂದು ಬೀಳುತ್ತಿತ್ತು. ಅದಕ್ಕೇ ನನ್ನ ಕಣ್ಣು ಮೊದಲು ಗುಂಡಿಗೇ ಹೋಗುತ್ತೆ. ಆ ಫೋಟೋದಲ್ಲಿ ಅಪ್ಪನ ಕೋಟಿನ ಗುಂಡಿ ಅವರ ಎಡಗಡೆ ಇತ್ತು.

ಅಂದರೆ ಫೋಟೋನೇ ತಿರುಗಾಮುರುಗ. ಯಾವ ಕಾಲದಲ್ಲೋ ಸ್ಟುಡಿಯೋದಲ್ಲಿ ಯಾರೋ ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದಾರೆ. ಬಲಗಡೆ ಕಾಣುವ ನೆಗ್ಗು ನಿಜದಲ್ಲಿ ಎಡಗಡೆಯದು.

ನನಗೆ ಗೊತ್ತಿತ್ತು, ಆ ಬೈಕು ಆ ವಾರವೇ ದೊಡ್ಡಕ್ಕನ ಕೈ ಸೇರಬೇಕು. ಭಾನುವಾರ ದೊಡ್ಡಕ್ಕ ಬರುವವರಿದ್ದರು. ವಾಲಿದ ಮಡ್‌ಗಾರ್ಡು, ಒಣಗದ ಬಣ್ಣ — ಏನಾದರೂ ಹೇಳಬಹುದಿತ್ತು. ನಾನು ಗುಂಡಿ ತೋರಿಸಿದೆ.

ಅಣ್ಣ ಫೋಟೋ ತೆಗೆದುಕೊಂಡು ಕೈ ತೊಳೆಯುವ ಜಾಗದ ಕನ್ನಡಿ ಮುಂದೆ ಹಿಡಿದರು. ತುಂಬ ಹೊತ್ತು ಹಿಡಿದುಕೊಂಡೇ ನಿಂತರು. ಹುಟ್ಟಿದಾಗಿನಿಂದ ನೋಡಿದ ಅಪ್ಪನ ಮುಖ ಅವತ್ತು ಬೇರೆ ಥರ ಕಂಡಿರಬೇಕು. ಬೈತಲೆ ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ವಾಪಸ್ ಬಂದು ನನ್ನ ತಲೆ ಮೇಲೆ ಕೈಯಿಟ್ಟು ಅಂದರು, "ಬಿಚ್ಚೋಣ ಬಾ."

ನಾನು ಹೇಳಿದೆ, "ಅಣ್ಣಾ, ಆ ಕಡೆ ಬಡಿದು ನೇರ ಮಾಡಿ, ಈ ಕಡೆ ಒಂದು ಕೊಟ್ರಾಯ್ತು."

"ತಗಡಿಗೆ ನೆನಪಿರುತ್ತೆ ಕಣೋ. ಅಕ್ಕನ ಬೆರಳಿಗೆ ಸಿಕ್ಕಿಬಿಡುತ್ತೆ."

ಹೊಸ ಟ್ಯಾಂಕು ಅಂದರೆ ಏನು ಅಂತ ನಮ್ಮವರಿಗೆ ಗೊತ್ತು. ಹ್ಯಾಂಡಲ್ಲು ಬಿಚ್ಚಬೇಕು, ದೀಪ ಬಿಚ್ಚಬೇಕು, ಕೂದಲೆಳೆಯಂಥ ಕೇಬಲ್ಲು ಎಲ್ಲ ಎಳೆಯಬೇಕು. ಹಿತ್ತಾಳೆ ತಗಡನ್ನು ಮರದ ಅಚ್ಚಿನ ಮೇಲೆ ಬಡಿದು ಎರಡು ಹೋಳು ಮಾಡಿ ಬೆಸುಗೆ ಹಾಕಬೇಕು. ಮೊದಲನೆಯದು ಬೆಸುಗೆಯಲ್ಲಿ ಸೊಟ್ಟಗಾಯಿತು. ಇನ್ನೊಂದು ಬಿರುಕು ಬಿಟ್ಟಿತು. ಅಣ್ಣ ದೊಡ್ಡಕ್ಕನಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಅಕ್ಕಾ, ಈ ಭಾನುವಾರ ಬರ್ಬೇಡ. ಒಂಚೂರು ಕೆಲಸ ಬಾಕಿ ಬಿತ್ತು."

ಆ ಭಾನುವಾರ ದೊಡ್ಡಕ್ಕ ಬರಲಿಲ್ಲ. ಮುಂದಿನ ಭಾನುವಾರಕ್ಕೆ ಅಣ್ಣ ಇರಲಿಲ್ಲ.

ಇದನ್ನೇ ನಾನು ಹೇಳಬೇಕಾಗಿದ್ದದ್ದು. ಅವರು ಹೋದ ದಿನ ಮೂರನೇ ಟ್ಯಾಂಕಿಗೆ ಬೆಸುಗೆ ಹಾಕುತ್ತಿದ್ದರು, ನಾನು ಊಟಕ್ಕೆ ಕರೆದೆ. "ನೀನು ಹೋಗು, ಟ್ಯಾಂಕು ಬಿಸಿ ಇದೆ" ಅಂದರು. ನಾನು ಹೋದೆ. ಹೊಟ್ಟೆ ತುಂಬ ತಿಂದೆ. ವಾಪಸ್ ಬಂದಾಗ ಟ್ಯಾಂಕು ತಣ್ಣಗಾಗಿತ್ತು. ಅಣ್ಣ ಮೇಜಿನ ಮೇಲೆ ತಲೆಯಿಟ್ಟಿದ್ದರು. ಭೂತಗನ್ನಡಿ ಹಣೆಯ ಮೇಲೇ ಇತ್ತು.

ಡಾಕ್ಟರು ಹೇಳಿದರು, ಎದೆಯ ತೊಂದರೆ ಮೊದಲಿನಿಂದಲೂ ಇತ್ತು, ಮನೆಯಲ್ಲಿ ಮಲಗಿದ್ದರೂ ಆಗುತ್ತಿತ್ತು ಅಂತ. ಅತ್ತಿಗೆಯೂ ನನಗೆ ಅದನ್ನೇ ಹೇಳಿದರು. ಅತ್ತಿಗೆ, ನೀವು ದೊಡ್ಡ ಮನಸ್ಸಿನವರು. ಆದರೆ ನನ್ನ ಲೆಕ್ಕ ಬೇರೆ. ಸಾವು ನನ್ನಿಂದ ಬಂತು ಅನ್ನುವುದಿಲ್ಲ, ಅಷ್ಟು ದೊಡ್ಡವನಲ್ಲ ನಾನು. ಒಂದು ಭಾನುವಾರವನ್ನು ಕಿತ್ತುಕೊಂಡೆ. ಅಕ್ಕ ತಮ್ಮ ಎದುರು ಬದುರು ಕೂತು, ನಡುವೆ ಬೈಕು ಇಟ್ಟುಕೊಳ್ಳಬೇಕಾಗಿದ್ದ ಭಾನುವಾರ. ಅದನ್ನು ನಾನು ಕಿತ್ತುಕೊಂಡೆ — ಗುಂಡಿಯ ಹೆಸರಲ್ಲಿ.

ಮೊನ್ನೆ ದೊಡ್ಡಕ್ಕನ ಮುಂದೆ ಕೂತು ಇಷ್ಟೂ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರ ಆಗುತ್ತಿತ್ತು. ಅವರು ಕೈ ಚಾಚಿ, "ಟ್ಯಾಂಕು ಕೊಡು" ಅಂದರು. ಕೊಟ್ಟೆ. ಸವರಿದರು. "ನೆಗ್ಗು ಎಲ್ಲೋ?"

"ಇನ್ನೂ ಕೊಟ್ಟಿರ್ಲಿಲ್ಲ ದೊಡ್ಡಕ್ಕ. ಅದೊಂದೇ ಬಾಕಿ."

ಆಮೇಲೆ ಅವರು ಹೇಳಿದ್ದನ್ನು ಅವರ ಅಪ್ಪಣೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. "ಸಭೇಲಿ ಹೇಳ್ಲಾ?" ಅಂತ ಕೇಳಿದೆ. "ಬೇಡ ಅಂದ್ರೆ ನಿನ್ನ ಬಾಯಿ ನಿಲ್ಲುತ್ತಾ?" ಅಂದರು.

ಆ ನೆಗ್ಗು ಯುದ್ಧದ್ದಲ್ಲ. ಅಪ್ಪ ಡ್ಯೂಟಿ ಮೇಲೆ ಊರಿನ ದಾರಿಯಲ್ಲಿ ಹೋಗುವಾಗ ನೀರು ಕುಡಿಯಲು ಮನೆ ಮುಂದೆ ನಿಲ್ಲಿಸಿದರಂತೆ. ಅವರು ಒಳಗೆ ಹೋದ ಗಳಿಗೆಯಲ್ಲಿ ಪುಟ್ಟ ಹುಡುಗಿ ಬೈಕು ಹತ್ತಿದಳು. ಹ್ಯಾಂಡಲ್ಲು ಹಿಡಿದು ಜಗ್ಗಿದಳು. ಬೈಕು ಸ್ಟ್ಯಾಂಡಿನಿಂದ ಜಾರಿ ಮೆಟ್ಟಿಲ ಅಂಚಿಗೆ ಬಿತ್ತು. ಅಪ್ಪ ಓಡಿ ಬಂದು ಮೊದಲು ಮಗಳನ್ನು ಎತ್ತಿದರು, ಆಮೇಲೆ ಬೈಕನ್ನು. "ಗಾಡಿ ಹಾಳಾಗ್ಲಿ, ನಿನಗೇನಾಯ್ತು ತೋರ್ಸು" ಅಂದರಂತೆ. ಪಕ್ಕದ ಬೀದಿಯ ಸ್ಟುಡಿಯೋದವನು ಬಂದು ಫೋಟೋ ಹಿಡಿದ. ಅಪ್ಪ ಹೊರಟರು.

"ಯಾವ ಕಡೆಗೆ ಬಿತ್ತು ದೊಡ್ಡಕ್ಕ?" ಅಂದೆ. ಕೇಳಬಾರದಿತ್ತು. ಆದರೂ ಕೇಳಿದೆ.

"ಎಡಕ್ಕೆ. ನೀನು ಹೇಳಿದ್ದೇ ಸರಿ."

ನನಗೆ ಒಂದು ಕ್ಷಣ — ಸುಳ್ಳು ಹೇಳುವುದಿಲ್ಲ — ಒಂದು ಕ್ಷಣ ಸಂತೋಷ ಆಯಿತು. ಅದಕ್ಕೂ ನಾಚಿಕೆಯಾಗುತ್ತಿದೆ.

ಅವರು ಮುಂದುವರಿಸಿದರು. "ನನ್ನ ತಮ್ಮ ಯುದ್ಧದ ಏಟು ಯುದ್ಧದ ಏಟು ಅಂತ ಊರೆಲ್ಲ ಹೇಳ್ಕೊಂಡು ಬರೋನು. ನಾನು ಹತ್ತಿ ಬೀಳಿಸಿದ್ದು ಕಣೋ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಅವನಿಗೆ ಅಪ್ಪ ಅಂತ ಇದ್ದಿದ್ದೇ ಅಷ್ಟು. ಬಲಗಡೆ ನೆಗ್ಗು ಇಟ್ಟು ಕೊಟ್ಟಿದ್ರೂ ಮುಟ್ಟಿದ ತಕ್ಷಣ ಗೊತ್ತಾಗ್ತಿತ್ತು ನಂಗೆ. ಗೊತ್ತಾದ್ರೂ, ಹೌದು ಕಣೋ, ಇದೇ ಅಪ್ಪನ ಗಾಡಿ ಅಂತಿದ್ದೆ. ಸುಮ್ನಿರ್ತಿದ್ದೆ ಮಗಾ. ನಿಂಗೆ ಸುಮ್ನಿರೋಕೆ ಬರಲ್ಲ."

ಅಷ್ಟೇ ಹೇಳಿದ್ದು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ನಿಂತು, ಇನ್ನು ಮುಂದೆ ಸುಮ್ಮನಿರುತ್ತೇನೆ ಅಂತ ಹೇಳಿದರೆ ಕೇಳಲು ಚೆನ್ನಾಗಿರುತ್ತೆ. ಹೇಳಲಾರೆ. ಅಣ್ಣ ಮತ್ತೆ ಬಂದು ಸ್ಕ್ರೂ ಕೊಟ್ಟರೆ ನಾನು ಗುಂಡಿ ತೋರಿಸುತ್ತೇನೋ, ವಾಲಿದ ಮಡ್‌ಗಾರ್ಡು ತೋರಿಸುತ್ತೇನೋ — ನನಗೆ ಗೊತ್ತಿಲ್ಲ. ದಿನಾ ಯೋಚಿಸುತ್ತೇನೆ. ಗೊತ್ತಾಗುತ್ತಿಲ್ಲ. ಅವರು ಕನ್ನಡಿ ಮುಂದೆ ನಿಂತದ್ದು ಕಣ್ಣಿಗೆ ಬರುತ್ತೆ. ಆ ಭಾನುವಾರವೂ ಕಣ್ಣಿಗೆ ಬರುತ್ತೆ.

ಈಗ ಬೈಕು ನೋಡಿ. ಮೈಯೆಲ್ಲ ಹಸಿರು, ಟ್ಯಾಂಕು ಮಾತ್ರ ಬರೀ ಹಿತ್ತಾಳೆಯ ಹಳದಿ. "ಬಣ್ಣ ಹಚ್ಚಿ ಕೊಡ್ತೀವಿ ದೊಡ್ಡಕ್ಕ" ಅಂದೆ. "ನಂಗೆ ಬಣ್ಣ ಕಟ್ಕೊಂಡು ಏನಾಗ್ಬೇಕೋ" ಅಂದರು. ಬಣ್ಣದಕ್ಕ, ನಿಮಗೆ ಆ ಕೆಲಸ ಇಲ್ಲ. ನೆಗ್ಗು ನೀನೇ ಕೊಟ್ಟುಬಿಡು ಅಂತ ಯಜಮಾನರು ನನಗೆ ಹೇಳಿದ್ದರು. ನಾನು ಕೊಡುವುದಿಲ್ಲ ಯಜಮಾನ್ರೇ. ಅದು ನನ್ನದಲ್ಲ. ಅದನ್ನು ಮೊದಲು ಕೊಟ್ಟವರು ಇಲ್ಲೇ ಕೂತಿದ್ದಾರೆ.

ದೊಡ್ಡಕ್ಕ, ಬೈಕನ್ನು ನಿಮ್ಮ ಮುಂದೆ ತರುತ್ತೇನೆ. ಅಣ್ಣನ ಮರದ ಕೊಡತಿ ನಿಮ್ಮ ಬಲಗೈಗೆ ಕೊಡುತ್ತೇನೆ. ಗುಂಡು ತುದಿಯ ಕಡ್ಡಿಯನ್ನು ಟ್ಯಾಂಕಿನ ಎಡಗಡೆಗೆ ನಾನು ಹಿಡಿದಿರುತ್ತೇನೆ. ಕೈ ಅಲ್ಲಾಡಿಸುವುದಿಲ್ಲ. ಓಡಾಡುವುದಿಲ್ಲ. ಸ್ಕ್ರೂ ನನ್ನ ಜೇಬಿನಲ್ಲಿದೆ, ಆಮೇಲೆ ಅದನ್ನು ಹಾಕುತ್ತೇನೆ. ಈ ಒಂದನ್ನಾದರೂ ಅರ್ಧಕ್ಕೆ ಬಿಡುವುದಿಲ್ಲ.

ಮಿಕ್ಕವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ದೊಡ್ಡಕ್ಕ, ನೀವು ಕೂತೇ ಇರಿ. ಗಾಳಿಗೆ ಬಾಗಿಲು ಬಡಿಯದ ಹಾಗೆ ಯಾರಾದರೂ ಹಿಡಿದುಕೊಳ್ಳಿ. ಅಣ್ಣನಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ. ಆ ಮೌನದಲ್ಲಿ ಒಂದು ಸಣ್ಣ ಸದ್ದು ಕೇಳುತ್ತೆ. ಕೇಳಿದ ಮೇಲೆ ಕೂತುಕೊಳ್ಳಬಹುದು.