ಹನ್ನೊಂದು ನೆರೆ, ಒಂದೇ ಎತ್ತರ

ಬೆಳಿಗ್ಗೆ ಹತ್ತೂ ಇಪ್ಪತ್ತು. ಜಲವಿಜ್ಞಾನದ ಪ್ರೊಫೆಸರು ಇತಿಹಾಸ ವಿಭಾಗದ ಮೇಡಂಗೆ ಫೋನ್ ಮಾಡಿದರು. ಅವರಿಬ್ಬರೂ ಜಂಟಿಯಾಗಿ ಮಾರ್ಗದರ್ಶನ ಮಾಡುತ್ತಿದ್ದ ಪಿಎಚ್.ಡಿ. ವಿದ್ಯಾರ್ಥಿನಿಯ ವಿರುದ್ಧ ಜಲವಿಜ್ಞಾನದವರು ಬರೆದ ದೂರು ಹನ್ನೊಂದಕ್ಕೆ ಸಮಿತಿಯ ಮುಂದೆ ಬರುವುದಿತ್ತು.

ಹಲೋ... ಯಾರು ಮಾತಾಡೋದು? ಹಿಸ್ಟರಿ ಮೇಡಂ ಅವರೇನಾ?...

ಹಾಂ, ನಾನೇ, ಜಲವಿಜ್ಞಾನದಿಂದ. ನಮ್ಮ ಹುಡುಗಿ ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿದ್ದಾಳೆ, ಮೇಡಂ...

ನಾಲ್ಕನೇ ಅಧ್ಯಾಯ, ಎರಡನೇ ಕೋಷ್ಟಕ. ತೊಂಬತ್ತು ವರ್ಷದಲ್ಲಿ ಹನ್ನೊಂದು ನೆರೆ. ಹನ್ನೊಂದೂ ಒಂದು ಮೀಟರ್ ಅರವತ್ತೈದು! ನದಿ ಏನು, ಟೇಪ್ ಹಿಡ್ಕೊಂಡು ಉಕ್ಕುತ್ತಾ?...

ಎರಡು ಸಲ ಆಗಿದ್ರೆ ಕಾಕತಾಳೀಯ ಅಂತ ಒಪ್ತಿದ್ದೆ. ಇದು ಕೂತಲ್ಲೇ ಬರೆದ ಅಂಕಿ... ಅಲ್ಲ, ನೀವು ಯಾಕೆ ಅವಳ ಪರ ಮಾತಾಡ್ತಿದೀರಿ? ನಿಮಗೆ ಮೊದಲೇ ಗೊತ್ತಿತ್ತಾ?...

ಹಳೆ ಕಡತದಲ್ಲಿ ಹಾಗೇ ಇದೆಯಾ? ಮೀಟರಲ್ಲಿ?... ಮತ್ತೆ?...

'ಆಳುದ್ದ ನೀರು'... ಹನ್ನೊಂದು ಕಡೇನೂ?... ಹಾಂ. ಅಂದ್ರೆ ಆಗಿನ ಗುಮಾಸ್ತ ಆಳುದ್ದ ಅಂತ ಬರೆದ, ಇವಳು ಒಬ್ಬ ಆಳಿನ ಎತ್ತರ ಹಿಡಿದು ಮೀಟರ್ ಮಾಡಿದ್ಲು. ಅಲ್ವಾ?...

ಸರಿ, ಕಡತ ನಿಜ. ಆದ್ರೆ ಆ ಅಳತೆಗೆ ಒಪ್ಪಿಗೆ ಕೊಟ್ಟೋರು ಯಾರು? ನೀವಾ?... ನಾನಾ! ಯಾರು ಹೇಳಿದ್ದು, ಅವಳಾ?... ಅವಳು ಹೇಳಿಲ್ವಾ? ನೀವೇ ಅಂದ್ಕೊಂಡ್ರಾ?...

ನಾನೂ... ನೀವು ನೋಡಿರ್ತೀರಿ ಅಂತಲೇ ಅಂದ್ಕೊಂಡೆ...

ನಿಮ್ಮನ್ನ ಕೇಳಿದ್ಲಾ, ಆಳುದ್ದ ಎಷ್ಟು ಹಿಡಿಯಲಿ ಅಂತ? ನೀವೇನಂದ್ರಿ?... 'ಅಳತೆ ನಮ್ಮದಲ್ಲ, ಅಲ್ಲಿ ಕೇಳು.' ಸರಿಹೋಯ್ತು!...

ನನ್ನನ್ನಾ? ಇಲ್ಲಪ್ಪ, ಕೇಳೇ ಇಲ್ಲ... ಮೇಲ್ ನೋಡ್ಬೇಕಾ? ಇರಿ, ಕನ್ನಡಕ ಎಲ್ಲಿ... ಜೂನ್ ಮೂರು. 'ಸರ್, ಆಳುದ್ದ ಅಂದರೆ ಎಷ್ಟು ಮೀಟರ್ ಹಿಡಿಯಬೇಕು?'...

ನನ್ನ ಉತ್ತರ?... ಇದೆ. ಒಂದೇ ಸಾಲು...

'ಹಳೆಯ ಪದಗಳು ಇತಿಹಾಸದವರ ಕೆಲಸ, ಅಲ್ಲಿ ಕೇಳು.'...

ನಗ್ತಿದೀರಾ? ನಗಬೇಡಿ. ಅತ್ತ ದರಿ, ಇತ್ತ ಪುಲಿ ಆಗಿದೆ ಹುಡುಗಿಗೆ. ಪುಲಿ ಯಾರು ಅಂತ ಆಮೇಲೆ ಜಗಳ ಆಡೋಣ. ದೂರಿನಲ್ಲಿ 'ಅಂಕಿ ಸೃಷ್ಟಿಸಿದ್ದಾಳೆ' ಅಂತ ಬರೆದುಬಿಟ್ಟಿದೀನಿ ಮೇಡಂ. ಸಮಿತಿ ಅದನ್ನ ಒಪ್ಪಿಬಿಟ್ರೆ ಅವಳ ನಾಲ್ಕು ವರ್ಷ ನೀರುಪಾಲು...

ಏನು, ನೀವೂ ಬರ್ತೀರಾ? ಆ ಮೇಲ್ ಪ್ರಿಂಟ್ ತರ್ಬೇಕಾ? ನನ್ನ ಉತ್ತರದ ಸಮೇತ?... ಹಲೋ? ಹಲೋ...

ಲೈನ್ ಕಡಿಯಿತು. ಹನ್ನೊಂದಕ್ಕೆ ಸಮಿತಿ ಸೇರಿತು. ಮಾರ್ಗದರ್ಶಕರಿಬ್ಬರೂ ಅವಳ ಜೊತೆ ಒಂದೇ ಮೇಜಿಗೆ ಕೂತದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.